ಪದದ ಹುಟ್ಟು, ಪದದ ಬಾಳು

ಎಳೆಯ ಮಕ್ಕಳಿಗೆ ಗ್ರೀಕ್, ಲ್ಯಾಟಿನ್ ಪದಮೂಲಗಳನ್ನು ಕಲಿಸಿದರೆ ಇಂಗ್ಲಿಷು ಬೇಗ ಕೈವಶವಾಗುತ್ತದೆ ಎಂದು ಕೆಲವರು ವಾದಿಸುತ್ತಾರೆ. ವಾದದಲ್ಲಿ ಹುರುಳಿಲ್ಲದೆ ಇಲ್ಲ. 'ಟೆಲಿ' ಎಂದರೆ ದೂರ ಎಂದು ತಿಳಿದ ಹುಡುಗನಿಗೆ ಟೆಲಿಫೋನು, ಟೆಲಿಸ್ಕೋಪು, ಟೆಲಿವಿಷನ್ನುಗಳು ಒಂದೇ ಮನೆಯ ಮಕ್ಕಳಾಗಿ ಕಾಣುತ್ತವೆ. ನಮಗೆ ಈ ಬಗೆಯ ಪಾಠ ಹೊಸದೂ ಅಲ್ಲ. ಕಾರ್ಯ–ಕಜ್ಜ, ವಿದ್ಯೆ–ಬಿಜ್ಜೆ ಎಂದು ತತ್ಸಮ ತದ್ಭವಗಳನ್ನು ಮಕ್ಕಳು ಕನ್ನಡ ತರಗತಿಯಲ್ಲಿ ಒಪ್ಪಿಸುತ್ತಲೇ ಇದ್ದಾರೆ. ಹದಿಮೂರನೆಯ ಶತಮಾನದ ಕೇಶಿರಾಜ ತನ್ನ 'ಶಬ್ದಮಣಿದರ್ಪಣ'ದಲ್ಲಿ ಇದಕ್ಕಾಗಿ ಒಂದು ಪ್ರಕರಣವನ್ನೇ ಮೀಸಲಿಟ್ಟ. ಕಲಿಸಬೇಕೆ ಎಂಬುದಕ್ಕಿಂತ, ಯಾವ ಮನಸ್ಸಿನಿಂದ ಕಲಿಸಬೇಕು ಎಂಬುದೇ ನನಗೆ ಹಿರಿಯ ಪ್ರಶ್ನೆಯಾಗಿ ತೋರುತ್ತದೆ.

ಏಕೆಂದರೆ ಬೇರನ್ನು ಕೆದಕುವವನಿಗೆ ಎರಡು ದಾರಿಗಳಿವೆ. ಒಂದು ನಂಟು ಕಾಣುವ ದಾರಿ, ಇನ್ನೊಂದು ಕುಲ ಕೇಳುವ ದಾರಿ. "ಇದು ನಮ್ಮದು, ಅದು ಪರಕೀಯ" ಎಂದು ಪದಗಳನ್ನು ಬೇರೆಬೇರೆ ಪಂಕ್ತಿಯಲ್ಲಿ ಕೂರಿಸಲು ಕಲಿತ ಮಗು ನಾಳೆ ಮನುಷ್ಯರನ್ನೂ ಹಾಗೆಯೇ ಕೂರಿಸೀತು.

ಎರಡನೆಯ ದಾರಿ ಹಿಡಿದವನಿಗೆ ನಮ್ಮ ಶಿರಾದಂಥ ಊರಿನಲ್ಲಿ ನಾಲ್ಕು ಹೆಜ್ಜೆಯೂ ಸಾಗದು. 1687ರಲ್ಲಿ ಮೊಗಲರು ಈ ಊರನ್ನು ಒಂದು ಸುಬೆಯ ರಾಜಧಾನಿಯಾಗಿ ಮಾಡಿಕೊಂಡರು. ಆ ಸುಬೆ ಹೋಯಿತು, ಮಾತು ಉಳಿಯಿತು. ಇಂದಿಗೂ ರೈತ ತಾಲ್ಲೂಕು ಕಚೇರಿಗೆ ಬಂದು ಜಮೀನಿನ ವಿಷಯವಾಗಿ ಅರ್ಜಿ ಕೊಡುತ್ತಾನೆ. 'ತಾಲ್ಲೂಕು', 'ಅರ್ಜಿ' ಅರಬ್ಬಿ ಮೂಲದವು; 'ಜಮೀನು' ಪಾರಸಿಯದು. ತಾಲ್ಲೂಕು ಎಂಬುದರ ಹುಟ್ಟರ್ಥವೇ 'ಸಂಬಂಧ'. ಅವನು ಬಂದಿಳಿದ ಬಸ್ಸೋ ಲ್ಯಾಟಿನ್ನಿನದು: 'ಎಲ್ಲರಿಗೂ' ಎಂಬರ್ಥದ 'ಓಮ್ನಿಬಸ್'ನಲ್ಲಿ ಪ್ರಕೃತಿ ಬಿದ್ದುಹೋಗಿ ಚತುರ್ಥೀ ವಿಭಕ್ತಿಯ ಬಾಲವಷ್ಟೇ ಉಳಿದಿದೆ! ಅವನ ಮಗ ಶಾಲೆಯಲ್ಲಿ ವೃತ್ತದ 'ಕೇಂದ್ರ'ವನ್ನು ಗುರುತಿಸುತ್ತಾನೆ. ಅಚ್ಚ ಸಂಸ್ಕೃತವೆಂದು ನಾವು ನಂಬಿರುವ ಆ ಪದ ಜ್ಯೋತಿಷ್ಯದ ಜೊತೆ ಗ್ರೀಕಿನಿಂದ ಬಂದದ್ದು. ಅಲ್ಲಿ ಅದಕ್ಕೆ ಚುಚ್ಚುವ ಮೊನೆ ಎಂದರ್ಥ. ಇಂಗ್ಲಿಷಿನ 'ಸೆಂಟರ್' ಅದರ ಒಡಹುಟ್ಟು. ಗ್ರೀಕನ್ನು ನಮ್ಮ ಮಕ್ಕಳಿಗೆ ಹೊಸದಾಗಿ ತಂದುಕೊಡಬೇಕಾಗಿಲ್ಲ; ಅವರ ಕೈವಾರದ ಮೊನೆಯ ಕೆಳಗೇ ಅದು ಕುಳಿತಿದೆ.

ಇನ್ನೊಂದು ಎಚ್ಚರವೂ ಬೇಕು. ಹುಟ್ಟು ತಿಳಿದ ಮಾತ್ರಕ್ಕೆ ಅರ್ಥ ತಿಳಿಯದು. ಕುಶವೆಂಬ ದರ್ಭೆಯನ್ನು ಕೊಯ್ದು ತರಬಲ್ಲವನು 'ಕುಶಲ', ವೀಣೆಯಲ್ಲಿ ನುರಿತವನು 'ಪ್ರವೀಣ' ಎಂದು ಹಳೆಯ ಪಂಡಿತರು ವಿವರಿಸುತ್ತಿದ್ದರು. ಆದರೆ ಅಡುಗೆಯಲ್ಲಿ ಪ್ರವೀಣನಾದವನ ಕೈಗೆ ಯಾರೂ ವೀಣೆ ಕೊಡುವುದಿಲ್ಲ. ಇದನ್ನೇ ಆ ಪಂಡಿತರು ರೂಢಿ ಎಂದು ಕರೆದರು. ಪದದ ಬೆಲೆ ಅದು ಬಾಳಿದ ರೀತಿಯಿಂದ, ಮಾಡಿದ ಕೆಲಸದಿಂದ ಬರುತ್ತದೆಂದು ಅವರು ಒಪ್ಪಿದ್ದರು. ಪದಕ್ಕೆ ಇಷ್ಟು ಸುಲಭವಾಗಿ ದೊರೆತ ಈ ನ್ಯಾಯ ಮನುಷ್ಯನಿಗೆ ಎಲ್ಲ ಕಡೆಯೂ ದೊರೆತಿದೆಯೆ?

ಆದ್ದರಿಂದ ಮೂಲಗಳ ಪಟ್ಟಿಯನ್ನು ಬಾಯಿಪಾಠಕ್ಕೆ ಕೊಡುವುದು ಬೇಡ. ವಾರಕ್ಕೊಂದು ಪದದ ಕತೆ ಹೇಳಿದರೆ ಸಾಕು. ಎಲ್ಲಿ ಹುಟ್ಟಿತು, ಯಾರ ಮನೆಯಲ್ಲಿ ತಂಗಿತು, ಈಗ ಯಾರಿಗೆ ದುಡಿಯುತ್ತಿದೆ ಎಂದು. ನಮ್ಮ ಹಳ್ಳಿಯವರು 'ಇಸ್ಕೂಲು' ಎನ್ನುವ ಪದದ ಗ್ರೀಕ್ ಮೂಲಕ್ಕೆ 'ಬಿಡುವು' ಎಂದರ್ಥ. ಹುಟ್ಟು ಅರ್ಥವನ್ನು ಕಟ್ಟಿಹಾಕಲಾರದೆಂದು ಈಗತಾನೆ ಹೇಳಿದೆ. ಆದರೂ ಈ ಒಂದು ಪದದ ಮಟ್ಟಿಗೆ ಹಳೆಯ ಅರ್ಥ ಮರಳಿ ಬಂದರೆ ನಮ್ಮ ಮಕ್ಕಳಿಗೆ ಒಳಿತೇ ಆದೀತು.