ಅಡಿಕೆಯ ಸುಗ್ಗಿಯೂ ನಮ್ಮ ಮಕ್ಕಳೂ

ತಮ್ಮಲ್ಲಿ ದೊಡ್ಡವನು ಯಾರೆಂದು ಶಿಷ್ಯರು ವಾದಿಸಿದಾಗ ಕರ್ತನು ಒಂದು ಚಿಕ್ಕ ಮಗುವನ್ನು ಅವರ ನಡುವೆ ನಿಲ್ಲಿಸಿದನಲ್ಲವೇ? ಹೆಗ್ಗೋಡಿನ ಸುತ್ತಲು ಅಡಿಕೆಯ ಸುಗ್ಗಿ ಬಂದಾಗ ನಾವು ಮಗುವನ್ನು ಎಲ್ಲಿ ಕೂರಿಸುತ್ತೇವೆ? ಒಡೆಯರ ಅಂಗಳದಲ್ಲಿ, ಮೆಟ್ಟುಗತ್ತಿಯ ಮುಂದೆ. ಸುಲಿದಷ್ಟಕ್ಕೆ ಕೂಲಿಯಾದುದರಿಂದ ಸಣ್ಣ ಕೈಗಳೂ ಲಾಭವೆಂದು ತೋರುವವು; ಅಡಿಕೆ ಬೇಯುವ ಹಂಡೆಯೂ ಸಮೀಪದಲ್ಲಿಯೇ ಕುದಿಯುತ್ತಿರುವದು. ಬಡತನವನ್ನು ನಾವು ಅರಿಯದವರಲ್ಲ. ಆದರೂ 2016ರಲ್ಲಿ ತಿದ್ದಿದ ಕಾನೂನಿನ ಪ್ರಕಾರ 14 ವರುಷ ತುಂಬದವರನ್ನು ಕೂಲಿಗೆ ಇಡತಕ್ಕದ್ದಲ್ಲ. ಸ್ವಂತ ಮನೆಯವರಿಗೆ ನೆರವಾಗುವದೂ ಶಾಲೆ ಬಿಟ್ಟ ಮೇಲೆ, ಅಪಾಯವಿಲ್ಲದ ಕೆಲಸದಲ್ಲಿ ಮಾತ್ರ.

ಆದದರಿಂದ ಹಿರಿಯರೇ, ಶಾಲೆಗೆ ಬಾರದ ಮಗುವಿನ ಮನೆಗೆ ಈ ಸುಗ್ಗಿಯಲ್ಲಿ ಹೋಗಿ ವಿಚಾರಿಸಿರಿ. ಬರಿಯ ಬುದ್ಧಿವಾದವನ್ನು ಹೊತ್ತು ಹೋಗಬೇಡಿರಿ. ಎರಡು ಸೇರು ಅಕ್ಕಿಯನ್ನೂ ಒಯ್ಯಿರಿ.