ಉಪಕಾರವೋ, ಋಣವೋ?

ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವ ದಿನಗಳಲ್ಲಿ ಯಾವುದಾದರೂ ಸಣ್ಣ ಪೇಟೆಯ ಸೈಬರ್ ಸೆಂಟರ್ ಮುಂದೆ ಅರ್ಧ ಗಂಟೆ ನಿಂತರೆ ಸಾಕು, ಈ ದೃಶ್ಯ ಕಾಣಸಿಗುತ್ತದೆ. ಬೀಡಿ ಕಟ್ಟಿ ಸಂಸಾರ ಸಾಗಿಸುವ ತಾಯಿಯೊಬ್ಬಳು ಮಗಳ ಅಂಕಪಟ್ಟಿ, ಆಧಾರ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದು ಸಾಲಿನಲ್ಲಿ ನಿಂತಿರುತ್ತಾಳೆ. ಸರದಿ ಬಂದಾಗ ಒಳಗಿನ ಹುಡುಗ ಪಟಪಟನೆ ಕೀಲಿ ಒತ್ತುತ್ತಾನೆ. “ಒಟಿಪಿ ಬಂತಾ ನೋಡಿ” ಎನ್ನುತ್ತಾನೆ. ಆಕೆ ನೋಡುವುದಿಲ್ಲ, ಮೊಬೈಲನ್ನೇ ಅವನ ಕೈಗೆ ಕೊಡುತ್ತಾಳೆ. ಪಾಸ್‌ವರ್ಡನ್ನೂ ಅವನೇ ಇಡುತ್ತಾನೆ. ಹತ್ತು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ದುಡ್ಡು ಕೊಟ್ಟು, “ನಿನಗೆ ಒಳ್ಳೆಯದಾಗಲಿ ಮಗಾ” ಎಂದು ಹರಸಿ ಆಕೆ ಹೊರಡುತ್ತಾಳೆ.

ಆ ಹುಡುಗನನ್ನು ದೂರಲು ನನಗೆ ಮನಸ್ಸಿಲ್ಲ. ಅವನಿಲ್ಲದಿದ್ದರೆ ಎಷ್ಟೋ ಮಕ್ಕಳ ಅರ್ಜಿಗಳೇ ಸಲ್ಲಿಕೆಯಾಗುತ್ತಿರಲಿಲ್ಲ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಬೀಡಿ ಕಾರ್ಮಿಕರ ಮಕ್ಕಳಿಗೆಂದೇ ಮೀಸಲಿಟ್ಟ ಹಣವನ್ನು ಪಡೆಯಲು ಆ ತಾಯಿ ಇನ್ನೊಬ್ಬರ ಉಪಕಾರ ಹೊರಬೇಕೇಕೆ? ತನ್ನ ಹಕ್ಕನ್ನು ಪಡೆದವಳು ಕೃತಜ್ಞತೆಯ ಭಾರ ಹೊತ್ತು ಮನೆಗೆ ಮರಳಬೇಕೇಕೆ?

ಓದುಬರಹ ಬಲ್ಲವರು ವಿರಳವಾಗಿದ್ದ ಕಾಲದಲ್ಲಿ ಅಂಚೆ ಕಚೇರಿಯ ಜಗಲಿಯಲ್ಲಿ ಕಾಗದ ಬರೆದುಕೊಡುವವರಿರುತ್ತಿದ್ದರು. ಪರವೂರಿಗೆ ದುಡಿಯಲು ಹೋದ ಗಂಡನಿಗೆ ಹೆಂಡತಿ ಹೇಳಬೇಕಾದ ಮಾತು ಮೊದಲು ಅವರ ಕಿವಿಗೆ ಬೀಳುತ್ತಿತ್ತು. ಮನೆಯ ಸಾಲ, ಮಗಳ ಮದುವೆ, ಅತ್ತೆಯ ಮುನಿಸು ಎಲ್ಲವೂ ಅವರಿಗೆ ಗೊತ್ತು. ಆದರೆ ಗುಟ್ಟು ತಿಳಿಯುವುದಷ್ಟೇ ಅವರ ಅಧಿಕಾರವಾಗಿತ್ತು. ಇಂದು ಆ ತಾಯಿಯ ಒಟಿಪಿ, ಪಾಸ್‌ವರ್ಡು, ಹೆಬ್ಬೆರಳು ಯಾರ ಕೈಯಲ್ಲಿವೆಯೋ ಅವರು ಆಕೆಯ ಖಾತೆಯ ಬಾಗಿಲನ್ನೇ ತೆರೆಯಬಲ್ಲರು. ಅರಬ್ಬಿಯಲ್ಲಿ ‘ಅಮಾನತ್’ ಎಂದರೆ ನಂಬಿ ಒಪ್ಪಿಸಿದ ವಸ್ತು. ನಮ್ಮ ಕಚೇರಿ ಕನ್ನಡದಲ್ಲಿ ‘ಅಮಾನತು’ ಎಂದರೆ ಕೆಲಸದಿಂದ ಹೊರಗಿಡುವುದು. ಆ ತಾಯಿಯ ಸ್ಥಿತಿಯಲ್ಲಿ ಎರಡೂ ಅರ್ಥಗಳು ಕೂಡಿವೆ. ತನ್ನದನ್ನು ನಂಬಿ ಒಪ್ಪಿಸಿದ ಮೇಲೆ ತನ್ನ ವ್ಯವಹಾರದಿಂದ ತಾನೇ ಹೊರಗುಳಿಯುತ್ತಾಳೆ.

ಯಂತ್ರವೇ ಬೇಡ ಎಂಬುದು ಇದಕ್ಕೆ ಉತ್ತರವಲ್ಲ. ಈ ಶತಮಾನದ ಆರಂಭದಲ್ಲಿ ಕರ್ನಾಟಕದ ‘ಭೂಮಿ’ ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಗ್ರಾಮ ಲೆಕ್ಕಿಗರ ಹಿಂದೆ ಅಲೆಯುತ್ತಿದ್ದ ರೈತ ತಾಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟು ಪಹಣಿ ಪಡೆಯುವಂತಾದ. ಅದು ನಿಜವಾದ ಬಿಡುಗಡೆಯೇ. ಆದರೆ ಅದರೊಂದಿಗೆ ಕೈಬರಹದ ಪಹಣಿಯ ಮಾನ್ಯತೆಯೂ ಹೋಯಿತು. ಹೊಸ ಬಾಗಿಲು ತೆರೆಯುವಾಗ ಹಳೆಯದನ್ನು ಮುಚ್ಚಲಾಯಿತು. ಅಲ್ಲಿ ಕಿಟಕಿಯ ಹಿಂದೆ ಒಬ್ಬ ಮನುಷ್ಯನಾದರೂ ಕುಳಿತಿದ್ದ. ಅನಂತರದ ಎಷ್ಟೋ ಸೇವೆಗಳಲ್ಲಿ ಆ ಮನುಷ್ಯನೂ ಇಲ್ಲ. ಹಳೆಯ ಬಾಗಿಲನ್ನು ಮುಚ್ಚಿದವರು ಹೊಸ ಬಾಗಿಲಿನ ಕೀಲಿಯನ್ನು ಎಲ್ಲರಿಗೂ ಕೊಡಬೇಕಾದವರು. ಹಾಗಾದರೆ ಅಂತರ್ಜಾಲವನ್ನು ಬಡವರಿಗೆ ತಲುಪಿಸುವುದು, ಅದನ್ನು ಬಳಸಲು ಕಲಿಸುವುದು ದಾನವಲ್ಲ, ಸಲ್ಲಬೇಕಾದ ಸಾಲ.

“ಈಗ ಎಲ್ಲರ ಮನೆಯಲ್ಲೂ ಮೊಬೈಲ್ ಇದೆಯಲ್ಲ?” ಎಂದು ಕೆಲವರು ಕೇಳಬಹುದು. ಮನೆಯಲ್ಲಿರುವುದಕ್ಕೂ ಕೈಯಲ್ಲಿರುವುದಕ್ಕೂ ವ್ಯತ್ಯಾಸವಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಒಮ್ಮೆಯಾದರೂ ಅಂತರ್ಜಾಲ ಬಳಸಿದ್ದೇವೆ ಎಂದ ಗಂಡಸರು ಶೇ. 57, ಹೆಂಗಸರು ಶೇ. 33. ಒಂದೇ ಸೂರಿನಡಿ ವಾಸಿಸುವವರ ನಡುವಿನ ಅಂತರ ಇದು. ಈ ಅಂತರಕ್ಕೆ ಬಡತನವೊಂದೇ ಕಾರಣವಲ್ಲ; ನಮ್ಮ ಅನುಮಾನವೂ ಕಾರಣ. ಕೇರಳದ ಕಾಲೇಜೊಂದರ ಹಾಸ್ಟೆಲಿನಲ್ಲಿ ಸಂಜೆ ಮೊಬೈಲ್ ಬಳಸಬಾರದೆಂಬ ನಿಯಮವನ್ನು ಒಪ್ಪದೆ ಹೊರದೂಡಲ್ಪಟ್ಟ ವಿದ್ಯಾರ್ಥಿನಿ ಫಹೀಮಾ ಶಿರೀನ್ ನ್ಯಾಯಾಲಯದ ಮೆಟ್ಟಿಲೇರಿದರು. ಅಂತರ್ಜಾಲವನ್ನು ಬಳಸುವುದು ಶಿಕ್ಷಣದ ಹಕ್ಕು ಮತ್ತು ಖಾಸಗಿತನದ ಹಕ್ಕಿನ ಭಾಗವೆಂದು ಕೇರಳ ಹೈಕೋರ್ಟು 2019ರಲ್ಲಿ ತೀರ್ಪಿತ್ತಿತು. ಮಗನಿಗೆ ಮೊಬೈಲ್ ಕೊಡಿಸುವಾಗ ಬಾರದ ಅನುಮಾನ ಮಗಳ ವಿಷಯದಲ್ಲಿ ಮಾತ್ರ ಬರುವುದಾದರೆ, ಸರ್ಕಾರವನ್ನು ದೂರುವ ಮೊದಲು ನಾವು ನಮ್ಮ ಮನೆಯೊಳಗೆ ನೋಡಿಕೊಳ್ಳಬೇಕು.

ಕಲಿಸುವ ಪ್ರಯತ್ನಗಳು ನಡೆದೇ ಇಲ್ಲವೆಂದಲ್ಲ. 2002ರಲ್ಲಿ ಮಲಪ್ಪುರಂ ಜಿಲ್ಲೆಯಲ್ಲಿ ಆರಂಭವಾದ ‘ಅಕ್ಷಯ’ ಯೋಜನೆ, ಮನೆಗೊಬ್ಬರಿಗೆ ಕಂಪ್ಯೂಟರ್ ಕಲಿಸುವ ಗುರಿ ಇಟ್ಟುಕೊಂಡಿತ್ತು. 2017ರಿಂದ 2024ರವರೆಗೆ ನಡೆದ ಪ್ರಧಾನ ಮಂತ್ರಿ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನದ ಸೂತ್ರವೂ ಮನೆಗೊಬ್ಬರು ಎಂಬುದೇ. ಅದರಲ್ಲಿ 6 ಕೋಟಿಗೂ ಹೆಚ್ಚು ಮಂದಿ ತರಬೇತಿ ಪಡೆದರು. ಇದು ಸಣ್ಣ ಸಾಧನೆಯಲ್ಲ. ಆದರೆ ಮನೆಯಲ್ಲಿ ಕಲಿತ ಆ ಒಬ್ಬರು ಯಾರು? ಮಗನೇ ಕಲಿತರೆ ಅವನೇ ಮನೆಯ ಹೊಸ ಕಾಗದ ಬರೆಯುವವನಾಗುತ್ತಾನೆ. ತಾಯಿ ಪೇಟೆಯ ಹುಡುಗನ ಬದಲು ಅವನ ಬಿಡುವಿಗಾಗಿ ಕಾಯುತ್ತಾಳೆ. ಅಭಿಯಾನಕ್ಕೆ ವಯಸ್ಸಿನ ಮಿತಿಯೂ ಇತ್ತು: 14ರಿಂದ 60. ಪಿಂಚಣಿಗಾಗಿ ಯಂತ್ರಕ್ಕೆ ಬೆರಳೊತ್ತಬೇಕಾದ ಅಜ್ಜಿ ಲೆಕ್ಕದ ಹೊರಗೇ ಉಳಿದಳು. ಕೇರಳ ಈ ಕೊರತೆಯನ್ನು ತುಂಬಿಕೊಳ್ಳಲು ಯತ್ನಿಸಿತು. ‘ಡಿಜಿ ಕೇರಳಂ’ ಯೋಜನೆಯಲ್ಲಿ ಮನೆಮನೆಗೆ ಹೋಗಿ, ತಿಳಿಯದವರು ಯಾರೆಂದು ಎಣಿಸಿ, ಇಳಿವಯಸ್ಸಿನವರನ್ನೂ ಸೇರಿಸಿ 21 ಲಕ್ಷಕ್ಕೂ ಹೆಚ್ಚು ಮಂದಿಗೆ ಕಲಿಸಲಾಯಿತು. 2025ರ ಆಗಸ್ಟ್‌ನಲ್ಲಿ ರಾಜ್ಯವು ತನ್ನನ್ನು ಸಂಪೂರ್ಣ ಡಿಜಿಟಲ್ ಸಾಕ್ಷರ ಎಂದು ಘೋಷಿಸಿಕೊಂಡಿತು. ಮನೆಯನ್ನು ಎಣಿಸುವುದಕ್ಕೂ ಮನುಷ್ಯರನ್ನು ಎಣಿಸುವುದಕ್ಕೂ ಇರುವ ವ್ಯತ್ಯಾಸ ಇಲ್ಲಿ ಕಾಣುತ್ತದೆ.

ಹಾಗೆಂದು ಎಲ್ಲರನ್ನೂ ಕಲಿಯಲೇಬೇಕೆಂದು ಒತ್ತಾಯಿಸುವುದು ನ್ಯಾಯವೇ? ದಿನವಿಡೀ ದುಡಿದು ದಣಿದವಳು “ನೀನೇ ಮಾಡಿಬಿಡಪ್ಪ, ನನಗೆ ಇದೆಲ್ಲ ಬೇಡ” ಎಂದರೆ ಅದು ಸೋಮಾರಿತನವಲ್ಲ. ಕಲಿತರೂ ಬಾಗಿಲು ತೆರೆಯದವರೂ ಇದ್ದಾರೆ. ದುಡಿಮೆಯಿಂದ ಬೆರಳಗೆರೆ ಸವೆದವರನ್ನು ಯಂತ್ರ ಗುರುತಿಸಲು ಹಿಂಜರಿಯುತ್ತದೆ. ಆಸಿಡ್ ದಾಳಿಯಲ್ಲಿ ಕಣ್ಣಿಗೆ ತೀವ್ರ ಹಾನಿಯಾದ ಪ್ರಜ್ಞಾ ಪ್ರಸೂನ್ ಬ್ಯಾಂಕ್ ಖಾತೆ ತೆರೆಯಲು ಹೋದಾಗ, ಜೀವಂತವಿರುವುದನ್ನು ತೋರಿಸಲು ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಬೇಕಿತ್ತು. ಅವರಿಗೆ ಅದು ಆಗದ ಮಾತು. ಅವರ ಅರ್ಜಿಯ ಮೇಲೆ 2025ರ ಏಪ್ರಿಲ್‌ನಲ್ಲಿ ತೀರ್ಪು ನೀಡಿದ ಸುಪ್ರೀಂ ಕೋರ್ಟು, ಡಿಜಿಟಲ್ ಸೇವೆಗಳನ್ನು ಪಡೆಯುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೆಂದು ಹೇಳಿತು. ಕಣ್ಣು ಮಿಟುಕಿಸಲಾಗದ ವ್ಯಕ್ತಿಗೆ ಯಾವ ತರಬೇತಿ ಕೊಡಲು ಸಾಧ್ಯ? ಇಲ್ಲಿ ಬದಲಾಗಬೇಕಾದುದು ಮನುಷ್ಯನಲ್ಲ, ಬಾಗಿಲು.

ಆದ್ದರಿಂದ ಸಾಲ ತೀರಿಸುವುದೆಂದರೆ ಕಲಿಯಬಯಸುವವರಿಗೆ ಕಲಿಸುವುದು ಮಾತ್ರವಲ್ಲ. ಕಲಿಯಲಾಗದವರಿಗಾಗಿ, ಬೇಡವೆನ್ನುವವರಿಗಾಗಿ ಮನುಷ್ಯನೊಬ್ಬ ಕುಳಿತಿರುವ ಕಿಟಕಿಯನ್ನು ತೆರೆದಿಡುವುದು ಕೂಡ. ಇವು ಸರ್ಕಾರ ಮಾಡಬೇಕಾದ ಕೆಲಸಗಳು. ನಮ್ಮ ಪಾಲಿಗೆ ಉಳಿಯುವುದು ಇದಕ್ಕಿಂತ ಚಿಕ್ಕದು, ಆದರೆ ಅಷ್ಟೇನೂ ಸುಲಭವಲ್ಲ. ತಾಯಿಯೋ ನೆರೆಮನೆಯವರೋ ಮೊಬೈಲ್ ಚಾಚಿ “ಇದೊಂದು ಮಾಡಿಕೊಡು” ಎಂದಾಗ ಕಿತ್ತುಕೊಂಡು ಎರಡು ನಿಮಿಷದಲ್ಲಿ ಮುಗಿಸುವುದೇ ನಮ್ಮ ರೂಢಿ. ಅದರಲ್ಲಿ ಸಹಾಯಕ್ಕಿಂತ ಅಸಹನೆಯೇ ಹೆಚ್ಚಿರುತ್ತದೆ. ಮೊಬೈಲ್ ಅವರ ಕೈಯಲ್ಲೇ ಇರಲಿ. ಅವರ ಬೆರಳೇ ಒತ್ತಲಿ. ತಪ್ಪಿದರೆ ಮತ್ತೊಮ್ಮೆ ಒತ್ತಲಿ. ಯಾವುದನ್ನು ಒತ್ತಬಾರದು, ಒಟಿಪಿಯನ್ನು ಯಾರಿಗೂ ಏಕೆ ಹೇಳಬಾರದು ಎಂಬುದನ್ನೂ ಹೇಳಿಕೊಡೋಣ; ಆ ‘ಯಾರಿಗೂ’ ಎಂಬುದರಲ್ಲಿ ನಾವೂ ಸೇರಿದ್ದೇವೆ. ಬೇಡವೆಂದರೆ ನಾವೇ ಮಾಡಿಕೊಟ್ಟು, ಪಾಸ್‌ವರ್ಡನ್ನು ಅವರ ಪುಸ್ತಕದಲ್ಲಿ ಬರೆದಿಟ್ಟು ಮರೆತುಬಿಡೋಣ.

ಸೈಬರ್ ಸೆಂಟರ್‌ನ ಆ ತಾಯಿ ಮುಂದಿನ ವರ್ಷವೂ ಬರುತ್ತಾಳೆ. ಆಗ ಹುಡುಗ ಪರದೆಯನ್ನು ಸ್ವಲ್ಪ ಆಕೆಯತ್ತ ತಿರುಗಿಸಿ, “ಅಮ್ಮಾ, ಒಟಿಪಿ ನೀವೇ ಒತ್ತಿ” ಎಂದರೆ ಹತ್ತು ನಿಮಿಷದ ಕೆಲಸಕ್ಕೆ ಇಪ್ಪತ್ತು ನಿಮಿಷ ಹಿಡಿಯಬಹುದು. ಹಿಂದೆ ಸಾಲಿನಲ್ಲಿ ನಿಂತಿರುವ ನಾವು ಗೊಣಗದೆ ಕಾದರೆ ಸಾಕು.