ಸಲಿಗೆ ಮತ್ತು ದಾಕ್ಷಿಣ್ಯ

ನಾನು ಕಾಲೇಜಿನಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಮೇಲಿನವರ ಅಪ್ಪಣೆಗಳೆಲ್ಲ ಒಂದು ಉದ್ದನೆಯ ನೋಟಿಸ್ ಪುಸ್ತಕದಲ್ಲಿ ಬರುತ್ತಿದ್ದುವು. ಜವಾನ ಅದನ್ನು ಕಂಕುಳಲ್ಲಿ ಇರುಕಿಕೊಂಡು ಅಧ್ಯಾಪಕರ ಕೊಠಡಿಗೆ ಬರುವನು. ನಾವು ಓದಿ, ನಮ್ಮ ನಮ್ಮ ಹೆಸರಿನ ಮುಂದೆ ಸಹಿ ಹಾಕುವೆವು. ಅದರ ಭಾಷೆ ಒಣಗಿದ ಕಟ್ಟಿಗೆಯಂಥದು. ‘ಈ ಮೂಲಕ ತಿಳಿಯಪಡಿಸುವುದೇನೆಂದರೆ’ ಎಂದು ತೊಡಗಿ ‘ತಪ್ಪದೆ ಹಾಜರಿರತಕ್ಕದ್ದು’ ಎಂದು ಮುಗಿಯುತ್ತಿತ್ತು. ನಾವು ಅದನ್ನು ಹಾಸ್ಯ ಮಾಡಿ ನಗುತ್ತಿದ್ದೆವು. ಆದರೆ ಆ ಪುಸ್ತಕಕ್ಕೆ ಎರಡು ಗುಣಗಳಿದ್ದುವೆಂದು ಈಗ ತೋರುತ್ತದೆ. ಅದು ಅಪ್ಪಣೆಯನ್ನು ಅಪ್ಪಣೆಯೆಂದೇ ಹೇಳುತ್ತಿತ್ತು. ಸಂಜೆ ಬೀರುವಿನೊಳಗೆ ಸೇರಿದ ಮೇಲೆ ನಮ್ಮ ಮನೆಗಳಿಗೆ ಬರುತ್ತಿರಲಿಲ್ಲ.

ಈಗ ಆ ಕೆಲಸವನ್ನು ಬಹುಮಟ್ಟಿಗೆ ವಾಟ್ಸ್‌ಆ್ಯಪ್ ವಹಿಸಿಕೊಂಡಿದೆ. 2009ರಲ್ಲಿ ಹುಟ್ಟಿದ ಈ ಸಾಧನ ಗೆಳೆಯರ ಹರಟೆಯ ಜಗಲಿಯಾಗಿ ನಮ್ಮಲ್ಲಿಗೆ ಬಂತು. ಬರಬರುತ್ತಾ ಬ್ಯಾಂಕು, ಆಸ್ಪತ್ರೆ, ಶಾಲೆ, ಸರ್ಕಾರಿ ಕಚೇರಿ ಎಲ್ಲಕ್ಕೂ ಅದೇ ಜಗಲಿಯಾಯಿತು. ಇದರ ಉಪಕಾರವನ್ನು ಅಲ್ಲಗಳೆಯುವ ಕೃತಘ್ನ ನಾನಲ್ಲ. 2020ರಲ್ಲಿ ಕಾಲೇಜುಗಳ ಬಾಗಿಲು ಮುಚ್ಚಿದಾಗ ನಮ್ಮನ್ನೂ ವಿದ್ಯಾರ್ಥಿಗಳನ್ನೂ ಕೂಡಿಸಿಟ್ಟದ್ದು ಇದೇ. ಪ್ರಾಂಶುಪಾಲರ ಕೊಠಡಿಯ ಹೊಸ್ತಿಲು ದಾಟಲು ಅಳುಕುವ ಹೊಸಬರು ಇಂದು ಎರಡು ಸಾಲು ಬರೆದು ಧೈರ್ಯವಾಗಿ ಕೇಳುತ್ತಾರೆ. ಮೇಲು ಕೀಳಿನ ಬಿಗುವು ಸಡಿಲವಾಯಿತು, ಮನುಷ್ಯ ಮನುಷ್ಯನಿಗೆ ಹತ್ತಿರವಾದ ಎಂದು ನಾನೂ ಸಂತೋಷಪಟ್ಟಿದ್ದೆ. ಆ ಸಂತೋಷ ಕದಲಿದ ಸಂದರ್ಭವೊಂದನ್ನು ಇಲ್ಲಿ ಹೇಳಬೇಕು. ಅದರಲ್ಲಿ ತಪ್ಪಿತಸ್ಥ ನಾನೇ.

ಒಂದು ರಾತ್ರಿ ಹತ್ತು ಗಂಟೆ ಕಳೆದ ಮೇಲೆ ನಮ್ಮ ವಿಭಾಗದ ಅತಿಥಿ ಉಪನ್ಯಾಸಕರೊಬ್ಬರಿಗೆ ಸಂದೇಶ ಕಳಿಸಿದೆ: ‘ನಾಳೆ ಬೆಳಗಿನ ನನ್ನ ತರಗತಿಯನ್ನು ಸ್ವಲ್ಪ ನೋಡಿಕೊಳ್ಳಲು ಆದೀತೇ?’ ಕೊನೆಯಲ್ಲಿ ನಗುಮುಖದ ಒಂದು ಚಿತ್ರ. ನಿಮಿಷದೊಳಗೆ ‘ಖಂಡಿತ ಸಾರ್’ ಎಂಬ ಉತ್ತರವೂ ಕೈಮುಗಿದ ಚಿತ್ರವೂ ಬಂದುವು. ನಾನು ನೆಮ್ಮದಿಯಾಗಿ ನಿದ್ದೆ ಮಾಡಿದೆ. ನಾಲ್ಕು ದಿನಗಳ ಮೇಲೆ ಬೇರೊಬ್ಬರಿಂದ ತಿಳಿಯಿತು: ಆ ರಾತ್ರಿ ಅವರ ಮಗು ಜ್ವರದಿಂದ ಆಸ್ಪತ್ರೆಯಲ್ಲಿತ್ತು; ಮಗುವಿನ ಬಳಿ ತಾಯಿಯೊಬ್ಬಳನ್ನೇ ಬಿಟ್ಟು ಇವರು ಬೆಳಗಿನ ಮೊದಲ ಬಸ್ಸು ಹಿಡಿದು ಬಂದಿದ್ದರು. ‘ಒಂದು ಮಾತು ಹೇಳಬಾರದಾಗಿತ್ತೇ?’ ಎಂದು ನಾನು ಕೇಳಿದೆ. ‘ನೀವು ಅಷ್ಟು ವಿಶ್ವಾಸದಿಂದ ಕೇಳಿದಿರಿ ಸಾರ್, ಹೇಗೆ ಇಲ್ಲವೆನ್ನಲಿ?’ ಎಂದರು.

ಅವರ ನೇಮಕ ವರ್ಷ ವರ್ಷವೂ ಹೊಸದಾಗಿ ಆಗತಕ್ಕದ್ದು. ವಿಭಾಗದ ಹಿರಿಯನಾದ ನನ್ನ ಅಭಿಪ್ರಾಯಕ್ಕೆ ಅಲ್ಲಿ ಬೆಲೆಯುಂಟೆಂದು ಅವರು ಬಲ್ಲರು, ನಾನೂ ಬಲ್ಲೆ. ಹಾಗಿರುವಾಗ ನಾನು ಕೇಳಿದ್ದು ನಿಜವಾಗಿ ಪ್ರಶ್ನೆಯೇ? ‘ಇಲ್ಲ’ ಎಂಬ ಉತ್ತರಕ್ಕೆ ಎಡೆಯಿಲ್ಲದ ಪ್ರಶ್ನೆ ಪ್ರಶ್ನೆಯ ವೇಷ ಹಾಕಿದ ಅಪ್ಪಣೆ. ನೋಟಿಸ್ ಪುಸ್ತಕದಲ್ಲಿ ಬಂದಿದ್ದರೆ ಅವರು ‘ಈ ಕಾರಣದಿಂದ ಸಾಧ್ಯವಿಲ್ಲ’ ಎಂದು ಒಂದು ಅರ್ಜಿಯನ್ನಾದರೂ ಬರೆಯಬಹುದಾಗಿತ್ತು. ಅಪ್ಪಣೆಗೆ ಅರ್ಜಿಯುಂಟು, ವಿಶ್ವಾಸಕ್ಕೆ ಅರ್ಜಿ ಬರೆಯುವುದು ಹೇಗೆ?

ಸಲಿಗೆಯೂ ದಾಕ್ಷಿಣ್ಯವೂ ನಮ್ಮ ಬಾಳಿನಲ್ಲಿ ಅಕ್ಕಪಕ್ಕದಲ್ಲೇ ಇರುವ ಗುಣಗಳು. ಎರಡರಿಂದಲೂ ಸಂಸಾರ ಸೊಗಸಾಗುತ್ತದೆ. ಗೆಳೆಯನು ಸಲಿಗೆಯಿಂದ ಕೇಳುತ್ತಾನೆ, ನಾನು ಸಲಿಗೆಯಿಂದಲೇ ‘ಹೋಗಯ್ಯ’ ಎನ್ನುತ್ತೇನೆ, ಲೆಕ್ಕ ಸರಿಹೋಯಿತು. ಆದರೆ ಒಬ್ಬನ ಅನ್ನ ಇನ್ನೊಬ್ಬನ ಮಾತಿನ ಮೇಲೆ ನಿಂತಿರುವ ಕಡೆ ಹಾಗಲ್ಲ. ಅಲ್ಲಿ ಸಲಿಗೆಯೆಲ್ಲ ಮೇಲಿನವನ ಪಾಲಿಗೆ, ದಾಕ್ಷಿಣ್ಯವೆಲ್ಲ ಕೆಳಗಿನವನ ಪಾಲಿಗೆ ಬೀಳುತ್ತದೆ. ಮನೆಯ ಹಿರಿಯರು ನಮ್ಮನ್ನು ‘ನೀನು’ ಎನ್ನುವರು, ನಾವು ಅವರನ್ನು ‘ನೀವು’ ಎನ್ನುವೆವು. ಅಲ್ಲಿ ಪ್ರೀತಿಯಿದ್ದರೂ ಸಮಾನತೆಯಿದೆಯೆಂದು ಯಾರೂ ಭ್ರಮಿಸುವುದಿಲ್ಲ. ನಗುಮುಖದ ಚಿತ್ರ ಆ ಭ್ರಮೆಯನ್ನು ಹುಟ್ಟಿಸುತ್ತದೆ. ಅಧಿಕಾರ ಎಲ್ಲಿತ್ತೋ ಅಲ್ಲೇ ಇರುತ್ತದೆ, ಕಣ್ಣಿಗೆ ಮಾತ್ರ ಕಾಣುವುದಿಲ್ಲ.

ಸಲಿಗೆಯ ಗುರುತುಗಳು ನೋಡಲು ಹಗುರ, ಪರಿಣಾಮ ಹಗುರವಲ್ಲ. ಕೆನಡಾದ ಸಸ್ಕಾಚೆವಾನ್ ಪ್ರಾಂತದಲ್ಲಿ 2021ರಲ್ಲಿ ಧಾನ್ಯ ಕೊಳ್ಳುವ ಕಂಪನಿಯೊಂದು ಒಬ್ಬ ರೈತನಿಗೆ 86 ಟನ್ ಅಗಸೆ ಬೀಜದ ಕರಾರುಪತ್ರದ ಚಿತ್ರವನ್ನು ಮೊಬೈಲಿಗೆ ಕಳಿಸಿ ಒಪ್ಪಿಗೆ ಕೇಳಿತು. ರೈತ ಮೇಲೆತ್ತಿದ ಹೆಬ್ಬೆರಳಿನ ಚಿತ್ರವನ್ನು ಕಳಿಸಿದ. ಬೀಜ ಮಾತ್ರ ಬರಲಿಲ್ಲ. ಪತ್ರ ತಲುಪಿತೆಂದಷ್ಟೇ ತನ್ನ ಅರ್ಥವೆಂದು ರೈತನ ವಾದ. ಒಪ್ಪಿಗೆಯೆಂದು ಕಂಪನಿಯ ವಾದ. ಹಿಂದೆಯೂ ಅವರಿಬ್ಬರ ನಡುವೆ ಒಂದೆರಡು ಪದಗಳ ಉತ್ತರದ ಮೇಲೆಯೇ ವ್ಯಾಪಾರ ನಡೆದಿತ್ತೆಂಬುದನ್ನು ನ್ಯಾಯಾಲಯ ಗಮನಿಸಿ, 2023ರಲ್ಲಿ ಆ ಹೆಬ್ಬೆರಳು ಸಹಿಗೆ ಸಮವೆಂದು ತೀರ್ಪಿತ್ತು, 82,000 ಡಾಲರಿಗೂ ಮಿಕ್ಕಿ ಪರಿಹಾರ ವಿಧಿಸಿತು. ನನ್ನ ಸಹೋದ್ಯೋಗಿಯ ಮುಗಿದ ಕೈಗಳನ್ನು ನಾನೂ ಹೀಗೆಯೇ ಒಪ್ಪಿಗೆಯೆಂದು ಓದಿಕೊಂಡೆ. ಅವು ಅಸಹಾಯಕತೆಯ ಕೈಗಳೂ ಆಗಿರಬಹುದೆಂದು ತೋರಲಿಲ್ಲ. ಎದುರಿಗಿದ್ದರೆ ಮುಖ ನೋಡಿದೊಡನೆ ತಿಳಿಯುತ್ತಿತ್ತು.

ಸುಮ್ಮನಿದ್ದು ತಪ್ಪಿಸಿಕೊಳ್ಳೋಣವೆಂದರೆ ಅದಕ್ಕೂ ಅವಕಾಶವಿಲ್ಲ. 2014ರ ನವೆಂಬರಿನಿಂದ ವಾಟ್ಸ್‌ಆ್ಯಪಿನಲ್ಲಿ ಎರಡು ನೀಲಿ ಗೀಟುಗಳು ಓದಿದವನ ಗುಟ್ಟನ್ನು ಬಯಲುಮಾಡುತ್ತವೆ. ಅವನ್ನು ಮರೆಮಾಡುವ ಉಪಾಯವಿದೆ. ಆದರೆ ಮರೆಮಾಡಿದನೆಂಬುದೇ ಮೇಲಧಿಕಾರಿಗೆ ಒಂದು ದೂರಾದೀತು.

ಕೆಲವು ದೇಶಗಳು ಇದಕ್ಕೆ ಕಾಯಿದೆಯ ಮದ್ದು ಹುಡುಕಿವೆ. ಕೆಲಸದ ವೇಳೆ ಮುಗಿದ ಮೇಲೆ ಸಂಪರ್ಕ ಕಡಿದುಕೊಳ್ಳುವ ಹಕ್ಕು ಫ್ರಾನ್ಸಿನಲ್ಲಿ 2017ರ ಜನವರಿಯಿಂದಲೂ ಆಸ್ಟ್ರೇಲಿಯದಲ್ಲಿ 2024ರ ಆಗಸ್ಟಿನಿಂದಲೂ ಜಾರಿಗೆ ಬಂದಿದೆ. ನಮ್ಮ ಲೋಕಸಭೆಯಲ್ಲಿಯೂ 2018ರ ಕೊನೆಯಲ್ಲಿ ಇಂಥ ಖಾಸಗಿ ಮಸೂದೆಯೊಂದು ಮಂಡನೆಯಾಯಿತು, ಕಾಯಿದೆಯಾಗಲಿಲ್ಲ. ಆದರೆ ಬೇಕು. ಆದರೂ ಕಾಯಿದೆ ಗಡಿಯಾರವನ್ನು ಕಾಯಬಲ್ಲುದು, ದಾಕ್ಷಿಣ್ಯವನ್ನು ಕಾಯಲಾರದು. ಹಗಲು ಹನ್ನೊಂದು ಗಂಟೆಗೆ ಕೇಳಿದ್ದರೂ ಅವರು ‘ಖಂಡಿತ ಸಾರ್’ ಎಂದೇ ಹೇಳುತ್ತಿದ್ದರು. ‘ಇಲ್ಲ’ ಎನ್ನುವ ಧೈರ್ಯ ಕೆಳಗಿನವನಿಗೆ ಇರಬೇಕೆಂದು ಉಪದೇಶಿಸುವುದು ಸುಲಭ. ಆ ಮಾತಿಗೆ ಜಾಗ ಬಿಟ್ಟು ಕೇಳುವುದು ಮೇಲಿನವನ ಧರ್ಮ. ಮುಖ್ಯವಾದುದು ಅದೇ.

ಈಗ ನಾನು ಇಂಥದನ್ನು ಮುಖತಃ ಕೇಳುತ್ತೇನೆ. ‘ಆಗದಿದ್ದರೆ ಬೇರೆ ಏರ್ಪಾಡಿದೆ’ ಎಂದು ಮೊದಲೇ ಹೇಳುತ್ತೇನೆ. ಹೋದ ತಿಂಗಳು ಅದೇ ಸಹೋದ್ಯೋಗಿ ತುಸು ತಡೆದು, ‘ಈ ಸಲ ಆಗುವುದಿಲ್ಲ ಸಾರ್’ ಎಂದರು. ‘ಪರವಾಗಿಲ್ಲ’ ಎಂದು ನಕ್ಕು ನನ್ನ ಕೊಠಡಿಗೆ ಬಂದು ಕುಳಿತೆ. ಸುಳ್ಳೇಕೆ ಹೇಳಲಿ, ಅರ್ಧ ಗಂಟೆಯವರೆಗೂ ಒಳಗೊಳಗೇ ಸಿಡಿಮಿಡಿಯಾಯಿತು. ಅಷ್ಟು ದಿನ ನಾನು ಕಳಿಸುತ್ತಿದ್ದ ನಗುಮುಖಗಳ ಹಿಂದೆ ಇದ್ದವನು ಯಾರೆಂದು ಆಗ ಗೊತ್ತಾಯಿತು.